ರಾಮಧಾನ್ಯದ ನೆಂಟರು

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಾಠ ಹೇಳುವಾಗ ಭತ್ತ, ರಾಗಿಗಳ ಜಗಳ ಹುಡುಗರಿಗೆ ಬಹಳ ರುಚಿಸುತ್ತದೆ. ಆರು ತಿಂಗಳ ಸೆರೆಯಲ್ಲಿ ಭತ್ತ ಸೊರಗಿತು; ರಾಗಿ ಗಟ್ಟಿಯಾಗಿಯೇ ಹೊರಬಂದಿತು. ಆದರೆ ರಾಗಿಯ ನೆಂಟರಾದ ಸಾಮೆ, ನವಣೆ, ಬರಗು, ಹಾರಕಗಳ ಗತಿ ಏನಾಯಿತು? ಹಾರಕವನ್ನು ಕಣ್ಣಾರೆ ಕಂಡವರು ಯಾರೆಂದು ಈ ವರ್ಷ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ.

ಅನ್ನದ ವ್ಯಾಮೋಹವೇ ಇದಕ್ಕೆ ಕಾರಣವೆಂದು ಹಳಿಯುವುದು ಸುಲಭ. ನನಗೆ ತೋರುವಂತೆ, ಈ ಧಾನ್ಯಗಳನ್ನು ಹೊಲದಿಂದ ಅಟ್ಟಿದುದು ಮುಖ್ಯವಾಗಿ ಒರಳು. ರಾಗಿಯನ್ನು ಹಾಗೆಯೇ ಬೀಸಬಹುದು. ಸಾಮೆ, ನವಣೆಗಳನ್ನು ಕುಟ್ಟಿ, ಕೇರಿ ಅಕ್ಕಿ ಮಾಡಬೇಕು. ಹಾರಕಕ್ಕಂತೂ ಹೊಟ್ಟಿನ ಮೇಲೆ ಹೊಟ್ಟು. ಊರಿಗೆ ಭತ್ತದ ಗಿರಣಿ ಬಂದಿತು, ಒನಕೆ ಮೂಲೆ ಸೇರಿತು. ಆ ಗಿರಣಿಯಲ್ಲಿ ಸಾಮೆಯಂಥ ಸಣ್ಣ ಕಾಳು ಸುಲಿಯದೆ ನುಸುಳುತ್ತಿತ್ತು, ಇಲ್ಲವೆ ನುಚ್ಚಾಗುತ್ತಿತ್ತು. ಒನಕೆಯನ್ನು ಕೆಳಗಿಟ್ಟ ಹೆಂಗಸರನ್ನು ಯಾರು ತಾನೆ ದೂರಬಲ್ಲರು!

ಈಗ ಈ ಕಿರುಕಾಳುಗಳಿಗೆಂದೇ ಯಂತ್ರಗಳು ಬಂದಿವೆ. ಗರಗರನೆ ತಿರುಗುವ ಚಕ್ರವೊಂದು ಕಾಳನ್ನು ಸುತ್ತಲಿನ ಗೋಡೆಗೆ ಎಸೆಯುತ್ತದೆ. ಬಡಿದ ರಭಸಕ್ಕೆ ಹೊಟ್ಟು ಬಿರಿಯುತ್ತದೆ, ಗಾಳಿ ಅದನ್ನು ತೂರಿಬಿಡುತ್ತದೆ. ಅಜ್ಜಿಯಂದಿರ ದಿನವಿಡೀ ದುಡಿಮೆ ಗಳಿಗೆಯ ಕೆಲಸವಾಗಿದೆ.

ರಾಗಿಗೆ ವಿಜ್ಞಾನದ ಆಸರೆ ಮೊದಲೇ ದೊರೆತಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ನೆಂಟಸ್ತಿಕೆ ಬೆಳೆಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಜನರು ಅವರನ್ನು ‘ರಾಗಿ ಬ್ರಹ್ಮ’ ಎಂದರು. ನವಣೆಯ ವಂಶಲಿಪಿಯನ್ನು 2012ರಲ್ಲಿ ವಿಜ್ಞಾನಿಗಳು ಓದಿದರು. 2017ರಲ್ಲಿ ರಾಗಿಯದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೇ ಓದಿ ಪ್ರಕಟಿಸಿದರು. ಸಂತೋಷದ ಸಂಗತಿ. ಆದರೆ ಲಿಪಿಯನ್ನು ಓದಿದ ಮಾತ್ರಕ್ಕೆ ಗಂಗಳಕ್ಕೆ ಅನ್ನ ಬೀಳುವುದೆ?

ಮುಂಗಾರು ತಡವಾಗಿ, ರಾಗಿ ಬಿತ್ತುವ ಕಾಲ ಮೀರಿದಾಗ ಈ ನೆಂಟರ ಬೆಲೆ ತಿಳಿಯುತ್ತದೆ. ಬರಗು 70–80 ದಿನಗಳಲ್ಲಿಯೇ ಕೊಯ್ಲಿಗೆ ಬರುತ್ತದೆ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇಟ್ಟ ಹಿರಿಯರು ಒಂದೇ ಬೆಳೆಯನ್ನು ನಂಬಿ ಕುಳಿತವರಲ್ಲ.

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನಗರದ ಅಂಗಡಿಗಳಲ್ಲಿ ಸಾಮೆಯ ಅಕ್ಕಿ ಅಂದವಾದ ಪೊಟ್ಟಣಗಳಲ್ಲಿ ಮೆರೆಯುತ್ತಿದೆ. ಅದನ್ನು ಬೆಳೆದಾತ ಎಷ್ಟೋ ಕಡೆ ಹೊಟ್ಟುಸಹಿತ ಕಾಳನ್ನು ಮಾರಿ, ಮನೆಗೆ ಭತ್ತದ ಅಕ್ಕಿಯನ್ನೇ ಒಯ್ಯುತ್ತಾನೆ. ಸುಲಿಯುವ ಯಂತ್ರ ಇರುವುದು ಪಟ್ಟಣದಲ್ಲಿ. ಹೋಬಳಿಗೊಂದಾದರೂ ಅಂಥ ಯಂತ್ರ, ಅದನ್ನು ನಡೆಸಬಲ್ಲ ಇಬ್ಬರು ಹುಡುಗರು. ಸದ್ಯಕ್ಕೆ ಇಷ್ಟು ಸಾಕು.