ಗಾಲಿ ತೊಳೆಯದೆ ತೊಪ್ಪೂರು ಇಳಿಯಬೇಡಿ

ಧರ್ಮಪುರಿ: ಆಯುಧಪೂಜೆ ಹತ್ತಿರ ಬಂತೆಂದರೆ ಇಲ್ಲಿಂದ ಸೇಲಂವರೆಗೆ ಹೆದ್ದಾರಿ ಬದಿಯ ವಾಟರ್ ಸರ್ವಿಸ್‌ಗಳ ಮುಂದೆ ಲಾರಿಗಳ ಸಾಲು. ಬಾಡಿಗೆ ನೀರು, ಬಂಪರಿಗೆ ಬಾಳೆಕಂದು, ಗಾಜಿಗೆ ವಿಭೂತಿ ಪಟ್ಟೆ, ಗಾಲಿ ಕೆಳಗೆ ನಿಂಬೆಹಣ್ಣು. ಎಲ್ಲಾ ಸರಿ. ಆದರೆ ನಿಂಬೆಹಣ್ಣು ಜಜ್ಜುವ ಆ ಗಾಲಿಯ ಒಳಮೈ ನೋಡಿದವರು ಎಷ್ಟು ಜನ? ಡ್ರಮ್ಮಿನ ಸುತ್ತ, ಹಬ್ಬಿನ ಮೇಲೆ, ರಿಮ್ಮಿನ ಸಂದಿಯಲ್ಲಿ ಕರಿ ಹಕ್ಕಳೆ ಕಲ್ಲಿನಂತೆ ಕಟ್ಟಿಕೊಂಡಿರುತ್ತದೆ. 'ಹಳೇ ಗಾಡಿ, ಹಂಗೇ ಇರ್ತದೆ' ಎಂದು ಬಿಟ್ಟುಬಿಡುವವರೇ ಹೆಚ್ಚು.

ಹಾಗೆ ಬಿಡುವಂತಿಲ್ಲ. ನಮ್ಮ ದಾರಿಯಲ್ಲಿ ತೊಪ್ಪೂರು ಘಾಟಿ ಇದೆ.

ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ಈ ಘಾಟಿಯಲ್ಲಿ 2020ರ ಡಿಸೆಂಬರ್ 12ರಂದು ಹತೋಟಿ ತಪ್ಪಿದ ಲಾರಿಯೊಂದು ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿ ನಾಲ್ವರು ಸತ್ತರು. 2024ರ ಜನವರಿ 24ರಂದು ಮತ್ತೆ ಸರಣಿ ಅಪಘಾತ, ಮತ್ತೆ ನಾಲ್ಕು ಸಾವು. ಇವಕ್ಕೆಲ್ಲ ಕೊಳೆಯೇ ಕಾರಣ ಅಂತಲ್ಲ. ಆದರೆ ಈ ಇಳಿಜಾರಿನಲ್ಲಿ ಅರೆಮನಸ್ಸಿನ ಬ್ರೇಕಿಗೆ ಕ್ಷಮೆಯಿಲ್ಲ.

ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾಯುತ್ತದೆ. ಆ ಶಾಖಕ್ಕೆ ಹಬ್ಬಿನ ಗ್ರೀಸ್ ತೆಳ್ಳಗಾಗಿ, ಸವೆದ ಆಯಿಲ್ ಸೀಲ್ ದಾಟಿ ಹೊರಗೆ ಬರುತ್ತದೆ. ಅದಕ್ಕೆ ಲೈನರ್ ಪುಡಿ, ರಸ್ತೆ ಧೂಳು ಸೇರಿ ಪ್ರತಿ ಇಳಿತಕ್ಕೂ ಒಂದು ಸಲ ಬೇಯುತ್ತದೆ. ದೋಸೆ ಕಾವಲಿಯ ಅಂಚಿನಲ್ಲಿ ಎಣ್ಣೆ ಕರಿಕಟ್ಟುವುದು ಮನೆಯವರಿಗೆ ಗೊತ್ತಲ್ಲ, ಹೆಚ್ಚುಕಮ್ಮಿ ಅದೇ ಕಥೆ.

ಈ ಹಕ್ಕಳೆ ನೋಡಲು ಕೊಳಕು ಎಂಬುದು ಸಣ್ಣ ದೂರು. ನಟ್ಟಿನ ತೂತುಗಳ ಸುತ್ತ ರಿಮ್ ಬಿರುಕು ಬಿಟ್ಟಿದ್ದರೆ ಅದನ್ನು ಮುಚ್ಚಿಡುತ್ತದೆ. ಸೀಲ್ ಸೋರುವುದನ್ನೂ ಮುಚ್ಚಿಡುತ್ತದೆ. ಡ್ರಮ್ಮಿನ ಬಿಸಿ ಗಾಳಿಗೆ ಹೋಗಲು ಬಿಡುವುದಿಲ್ಲ. ಗ್ರೀಸ್ ಲೈನರಿಗೆ ತಗುಲಿತೋ, ಬ್ರೇಕ್ ಹೊಡೆದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ತೊಳೆಯುವುದು ಹೇಗೆ?

ಬರೀ ಜಾಕಿ ನಂಬಬೇಡಿ, ಕೆಳಗೆ ಗಟ್ಟಿ ದಿಮ್ಮಿ ಕೊಡಿ. ರಿಂಗ್ ಹಾಕಿದ ರಿಮ್ಮಾದರೆ ಟೈರಿನ ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಸುತ್ತಿಗೆ ಮುಟ್ಟಬೇಕು. ಗಾಳಿ ಇದ್ದಾಗ ಸಿಡಿದ ರಿಂಗ್ ಆಳನ್ನೇ ಕೊಲ್ಲುತ್ತದೆ.

ಮೊದಲು ಹಬ್ಬಿನ ಹೊರಗಿನ ದಪ್ಪ ಪದರವನ್ನು ಪಟ್ಟಿ ಪಟ್ಟಿಯಾಗಿ ಕೆರೆದು ತೆಗೆಯಿರಿ. ಬಿಚ್ಚಿದ ಕಬ್ಬಿಣದ ಭಾಗಗಳನ್ನು ಡೀಸೆಲ್ ಇಲ್ಲವೇ ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿ. ಪೆಟ್ರೋಲ್ ಮಾತ್ರ ಬೇಡ, ಒಂದು ಕಿಡಿ ಸಾಕು. ಸೀಮೆಎಣ್ಣೆ ಹಸಿ ಗ್ರೀಸನ್ನು ಕರಗಿಸೀತೇ ಹೊರತು ಬೆಂದು ಗಟ್ಟಿಯಾದದ್ದಕ್ಕೆ ಸಾಲದು. ಅದಕ್ಕೆ ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕದಡಿ ಮುಳುಗಿಸಿಡಬೇಕು. ಅದಕ್ಕೂ ಬಗ್ಗದಿದ್ದರೆ ಕಾಸ್ಟಿಕ್ ಸೋಡಾ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ತಣ್ಣೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ.

ಈ ಕಾಸ್ಟಿಕ್ ಅಲ್ಯೂಮಿನಿಯಂಗೆ ವೈರಿ. ಬೈಕ್, ಮೊಪೆಡ್ಡಿನ ಅಲ್ಯೂಮಿನಿಯಂ ಹಬ್, ಎಂಜಿನ್ ಕೇಸು, ಕಾರಿನ ಅಲಾಯ್ ವೀಲ್ ಅದರಲ್ಲಿ ಮುಳುಗಿಸಿದರೆ ಬುರುಬುರು ಗುಳ್ಳೆ ಬಂದು ಲೋಹವೇ ಕರಗುತ್ತದೆ. ಅವಕ್ಕೆ ಸೀಮೆಎಣ್ಣೆ, ಸೋಪಿನ ನೀರು, ನೈಲಾನ್ ಬ್ರಷ್, ಜೊತೆಗೆ ತಾಳ್ಮೆ. ಬ್ರೇಕಿನ ರಬ್ಬರ್ ಕಪ್ಪುಗಳಿಗೆ ಸೀಮೆಎಣ್ಣೆಯೂ ಆಗದು, ಉಬ್ಬಿಹೋಗುತ್ತವೆ. ಡ್ರಮ್ಮಿನ ಒಳಮೈಯನ್ನು ಕೊನೆಗೆ ಸೋಪಿನ ನೀರಲ್ಲಿ ತೊಳೆದು ಎಣ್ಣೆಯ ಜಿಡ್ಡು ಒಂದಿಷ್ಟೂ ಉಳಿಯದಂತೆ ಒರೆಸಿ ಒಣಗಿಸಬೇಕು. ಗ್ರೀಸ್ ಕುಡಿದ ಲೈನರನ್ನು ಬೆಂಕಿಗೆ ಹಿಡಿದು 'ಸರಿ ಮಾಡುವ' ಹಳೇ ಚಾಳಿ ಬಿಡಿ. ಅದನ್ನು ಎಸೆದು ಎರಡೂ ಪಕ್ಕಕ್ಕೆ ಹೊಸದು ಹಾಕಿಸಿ. ಸೀಲ್ ಬದಲಿಸದಿದ್ದರೆ ಆ ದುಡ್ಡೂ ದಂಡ.

ಹುಡುಗರ ಎದೆಗೂಡು

ಈ ಸೀಮೆಯಲ್ಲಿ ಲಾರಿ ಕೆಲಸಕ್ಕೆ ಬರವಿಲ್ಲ. ಸಂಕಗಿರಿ ಲಾರಿ ಮಾಲೀಕರ ಊರು. 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರು ಲಾರಿಯನ್ನೇ ತಯಾರಿಸುವ ಊರು. ಗಡಿಯ ಎಷ್ಟೋ ಕನ್ನಡ ಮನೆಗಳ ಹುಡುಗರು ಸ್ಪ್ಯಾನರ್ ಹಿಡಿದೇ ಅನ್ನ ಕಂಡವರು. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನಿಗೆ ಸಿಗುವ ಮೊದಲ ಕೆಲಸವೂ ಇದೇ. ಕಂಪ್ರೆಸರ್ ಪೈಪು ಹಿಡಿದು ಡ್ರಮ್ಮಿನ ಧೂಳು ಊದುತ್ತಾನೆ, ಮುಖವೆಲ್ಲ ಕಪ್ಪು, ನೋಡಿದವರಿಗೆ ನಗು. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಎಂಬ ಕಲ್ನಾರು ಇರುತ್ತಿತ್ತು. ಅದರ ನಾರು ಶ್ವಾಸಕೋಶ ಸೇರಿದರೆ ಕಾಯಿಲೆ ತಲೆಯೆತ್ತುವುದು ದಶಕಗಳ ಮೇಲೆ, ಆಗ ವೈದ್ಯರ ಕೈಯಲ್ಲೂ ಹೆಚ್ಚೇನಿರದು. ಯಾವ ಲೈನರಿನಲ್ಲಿ ಏನಿದೆ ಎಂದು ಕಣ್ಣಿಗೆ ಕಾಣದು. ಆದ್ದರಿಂದ ಗಾಳಿ ಊದುವುದೇ ಬೇಡ, ಒಣಗಿದ್ದಾಗ ಕೆರೆಯುವುದೂ ಬೇಡ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಹಾಕಿ. ಮಾಲೀಕರು ನೂರಿನ್ನೂರು ರೂಪಾಯಿಗೆ ಲೆಕ್ಕ ಹಾಕದೆ ಒಳ್ಳೆಯ ಮಾಸ್ಕ್ ಕೊಡಿಸಲಿ. ನೆನೆಸಿದ ಕರಿ ಡೀಸೆಲನ್ನು ಮೋರಿಗೆ ಚೆಲ್ಲಿದರೆ ಅದು ನಮ್ಮದೇ ಬಾವಿಗೆ ಇಳಿಯುತ್ತದೆ. ಡಬ್ಬಿಯಲ್ಲಿಟ್ಟು ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ರಿಮ್ ತೊಳೆದು ಪೇಂಟ್ ಹೊಡೆಯುವಾಗ ನಟ್ ಕೂರುವ ಜಾಗಕ್ಕೂ ರಿಮ್ ಹಬ್ಬಿಗೆ ಅಂಟುವ ಮುಖಕ್ಕೂ ದಪ್ಪ ಬಣ್ಣ ಬಳಿಯಬೇಡಿ. ಓಡುತ್ತಾ ಬಣ್ಣ ಸವೆದು ನಟ್ ಸಡಿಲವಾಗುತ್ತದೆ. ನೂರು ಕಿಲೋಮೀಟರ್ ಆಗುವುದರೊಳಗೆ ಮತ್ತೊಮ್ಮೆ ಬಿಗಿ ಮಾಡಿಸಿ. ಗೇರಿನಲ್ಲೇ ತೊಪ್ಪೂರು ಇಳಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪ್ರತಿ ಗಾಲಿಯ ಹತ್ತಿರ ಕೈ ಒಯ್ದು ಕಾವು ನೋಡಿ, ಮುಟ್ಟಬೇಡಿ. ಒಂದೇ ಗಾಲಿ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿಂದ ನೇರ ಮೆಕ್ಯಾನಿಕ್ ಹತ್ತಿರ ಹೋಗಿ, ಲೋಡು ಇಳಿಸುವುದು ಆಮೇಲೆ.