ಶಿವನಿಗೆ ನೈಋತ್ಯ ಯಾವ ಕಡೆ?

"ನೈಋತ್ಯ ರೈಲ್ವೆ ಅಂದರೆ ದೇಶದ ನೈಋತ್ಯ ಭಾಗದ ರೈಲ್ವೆ. ಹಾಗಾದರೆ ನೈಋತ್ಯ ಮುಂಗಾರು ಅಂದರೆ ನೈಋತ್ಯ ಭಾಗದಲ್ಲಿ ಸುರಿಯುವ ಮಳೆಯೇ? ಅದು ದಿಲ್ಲಿಗೆ ಯಾಕೆ ಹೋಗುತ್ತದೆ?" ಅಜ್ಜಂಪುರ ತಾಲ್ಲೂಕಿನ ಶಿವನಿಯ ಹೈಸ್ಕೂಲು ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಬೀರೂರು–ಚಿಕ್ಕಜಾಜೂರು ಮಾರ್ಗದಲ್ಲಿರುವ ಅವನೂರಿನ ನಿಲ್ದಾಣ, ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು 2003ರಲ್ಲಿ ಆರಂಭವಾದ ಆ ರೈಲ್ವೆ ವಲಯಕ್ಕೇ ಸೇರಿದ್ದು. ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ಕಡಲಿಗೇ ಹೋಗಬೇಕು.

ರೈಲ್ವೆಯ ನೈಋತ್ಯ ಭೂಪಟದ್ದು. ಮುಂಗಾರಿನ ನೈಋತ್ಯ ಹಡಗಿನದು. ನಾವಿಕರ ಲೆಕ್ಕದಲ್ಲಿ ಗಾಳಿಯ ಹೆಸರು ಅದು ಹೊರಟು ಬಂದ ದಿಕ್ಕಿನದು. ಕಡಲೊಳಗಿನ ಪ್ರವಾಹದ ಹೆಸರು ಅದು ಸಾಗುವ ದಿಕ್ಕಿನದು. ನೈಋತ್ಯ ಗಾಳಿಯೂ ಈಶಾನ್ಯ ಪ್ರವಾಹವೂ ಹೋಗುವುದು ಒಂದೇ ಕಡೆಗೆ!

ಇದು ವಿಚಿತ್ರ ಅನ್ನಿಸಿದರೆ ಶಿವನಿ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ಜನ ಗಾಡಿಯನ್ನು ಅದು ಮುಟ್ಟುವ ಊರಿನಿಂದ ಕರೆಯುತ್ತಾರೆ: ಹುಬ್ಬಳ್ಳಿ ಗಾಡಿ, ಬೆಂಗಳೂರು ಗಾಡಿ. ಹತ್ತಿ ಕೂತವರಿಗೆ ಬೇಕಾದದ್ದು ಅದು ತಮ್ಮನ್ನು ಎಲ್ಲಿ ಇಳಿಸುತ್ತದೆ ಎಂಬುದು. ಪ್ರವಾಹವೂ ಹಾಗೆಯೇ, ಹಡಗನ್ನು ತನ್ನ ಜೊತೆ ಒಯ್ಯುತ್ತದೆ. ಎಲ್ಲಿಗೆ ಎಂಬುದೇ ನಾವಿಕನ ಚಿಂತೆ. ಆದರೆ ಸರಕಿನ ಗಾಡಿ ಬಂದು ನಿಂತಾಗ ಇಳಿಸಿಕೊಳ್ಳುವವರು ಕೇಳುವುದು ಬೇರೆ: ಇದು ಎಲ್ಲಿಂದ ಬಂತು, ಏನು ತಂತು? ಗಾಳಿ ಸರಕಿನ ಗಾಡಿ. ಬೆಚ್ಚನೆಯ ಅರಬ್ಬೀ ಸಮುದ್ರದ ಮೇಲಿಂದ ಬಂದದ್ದು ನೀರಾವಿ ಹೊತ್ತಿರುತ್ತದೆ, ಜನವರಿಯಲ್ಲಿ ಉತ್ತರದ ನೆಲದ ಮೇಲಿಂದ ಇಳಿದದ್ದು ಒಣಹವೆ ತರುತ್ತದೆ. ಹೊರಟ ದಿಕ್ಕು ಗೊತ್ತಾದರೆ ಸರಕೂ ಅರ್ಧ ಗೊತ್ತಾದಂತೆ.

ಹಾಯಿ ಹಡಗಿನವರಿಗೆ ಎಂಟು ದಿಕ್ಕು ಸಾಲುತ್ತಿರಲಿಲ್ಲ. ವೃತ್ತವನ್ನು ಅರ್ಧ, ಅರ್ಧದ ಅರ್ಧ ಎಂದು ಸೀಳುತ್ತಾ ಹೋಗಿ 32 ಮಾಡಿಕೊಂಡರು; ಒಂದೊಂದಕ್ಕೆ ಹನ್ನೊಂದೂಕಾಲು ಡಿಗ್ರಿ. ಅಲೆಯ ಮೇಲೆ ಓಲಾಡುವ ಹಡಗಿನಲ್ಲಿ ಒಂದೊಂದೇ ಡಿಗ್ರಿ ಹಿಡಿದು ಚುಕ್ಕಾಣಿ ತಿರುಗಿಸುವುದು ಆಗದ ಮಾತು. ಕಣ್ಣಳತೆಗೆ ಅರ್ಧ ಮಾಡುವುದು ಸುಲಭ. ಅರಬ್ ನಾವಿಕರೂ ನಕ್ಷತ್ರಗಳು ಹುಟ್ಟಿ ಮುಳುಗುವ ಜಾಗಗಳನ್ನು ಹಿಡಿದು 32 ದಿಕ್ಕುಗಳನ್ನೇ ಎಣಿಸುತ್ತಿದ್ದರು. ಹದಿನೈದನೆಯ ಶತಮಾನದ ಅಹ್ಮದ್ ಇಬ್ನ್ ಮಾಜಿದ್ ಈ ವಿದ್ಯೆಯನ್ನು ಬರೆದಿಟ್ಟ. ಭಟ್ಕಳಕ್ಕೆ ಕುದುರೆ ತಂದ ಹಡಗುಗಳು ಓಡಿದ್ದು ಇಂಥ ಜ್ಞಾನದಿಂದಲೇ. ಕಾಲಕ್ಕೆ ಸರಿಯಾಗಿ ದಿಕ್ಕು ಬದಲಿಸುವ ಈ ಗಾಳಿಗೆ ಇಂಗ್ಲಿಷಿನವರು ಬಳಸುವ 'ಮಾನ್ಸೂನ್' ಎಂಬ ಹೆಸರೂ ಋತು ಎಂಬರ್ಥದ ಅರಬ್ಬಿಯ 'ಮೌಸಿಮ್'ನಿಂದ ಬಂದದ್ದು.

ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕಡಲ ಕೈಪಿಡಿ 'ಪೆರಿಪ್ಲಸ್', ಬೇಸಿಗೆಯ ಈ ಗಾಳಿ ಹಿಡಿದು ನಡುಗಡಲಿನಲ್ಲಿ ನೇರ ಭಾರತಕ್ಕೆ ಬರುವ ದಾರಿ ಕಂಡವನು ಹಿಪ್ಪಾಲಸ್ ಎನ್ನುತ್ತದೆ. ಈ ಕಡಲಿನ ಜನಕ್ಕೆ ಅದು ಅದಕ್ಕೂ ಮೊದಲೇ ಗೊತ್ತಿದ್ದಿರಬೇಕು. ಕೀರ್ತಿ ಮಾತ್ರ ಗ್ರೀಕನಿಗೆ ಸಂದಿತು. 1686ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಅದೇ ಹ್ಯಾಲಿ, ಈ ಗಾಳಿಗಳ ನಕ್ಷೆ ಪ್ರಕಟಿಸಿ, ಬಿಸಿಲಿಗೆ ಕಾದ ನೆಲವೇ ಇದಕ್ಕೆ ಕಾರಣ ಎಂದ. ಗಾಳಿ ಓರೆಯಾಗುವುದೇಕೆ ಎಂಬುದಕ್ಕೆ ಭೂಮಿಯ ತಿರುಗಾಟವನ್ನು ತಂದವನು 1735ರಲ್ಲಿ ಜಾರ್ಜ್ ಹ್ಯಾಡ್ಲಿ.

ನಮ್ಮ ಮುಂಗಾರು ಸಮಭಾಜಕದ ದಕ್ಷಿಣದಲ್ಲಿ ಇರುವಾಗ ನೈಋತ್ಯ ಗಾಳಿಯೇ ಅಲ್ಲ. ಅಲ್ಲಿ ಅದು ಆಗ್ನೇಯದಿಂದ ಬೀಸುತ್ತದೆ. ಆಫ್ರಿಕದ ಪೂರ್ವ ಕರಾವಳಿಯ ಬಳಿ ಸಮಭಾಜಕ ದಾಟಿದ ಮೇಲೆ, ಭೂಮಿ ತಿರುಗುವುದರಿಂದ ಬಲಕ್ಕೆ ಬಾಗಿ, ಸೋಮಾಲಿಯದ ಪಕ್ಕದಲ್ಲಿ ರಭಸವಾಗಿ ಹಾದು, ಅರಬ್ಬೀ ಸಮುದ್ರದ ಮೇಲೆ ನೈಋತ್ಯ ಗಾಳಿಯಾಗುತ್ತದೆ. ಹೆಸರು ಅಂಟಿಕೊಂಡದ್ದು ಅಲ್ಲಿ.

ಶಿವನಿಯಲ್ಲಿ ನಿಂತು ನೈಋತ್ಯಕ್ಕೆ ಮುಖ ಮಾಡಿದರೆ ಆ ದಿಕ್ಕಿನಲ್ಲಿ ಇರುವುದು ಬಾಬಾಬುಡನ್‌ಗಿರಿ ಸಾಲು. ಅದರಾಚೆ, ಪಡುವಣಕ್ಕೆ, ಮಲೆನಾಡು. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆ ಆ ಘಟ್ಟದ ಅಂಚಿನಲ್ಲಿದೆ. ಬೆಟ್ಟ ಹತ್ತುವಾಗ ತಣಿದು ನೀರೆಲ್ಲ ಇಳಿಸಿದ ಗಾಳಿ, ಈಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಆಷಾಢದಲ್ಲಿ ಈರುಳ್ಳಿ ಹೊಲದ ಮೇಲೆ ಮೋಡ ಓಡುತ್ತದೆ, ಗಾಳಿ ಭೋರ್ಗರೆಯುತ್ತದೆ, ಬೀಳುವುದು ಮಾತ್ರ ತುಂತುರು. ಇಂಥ ಬಯಲುಸೀಮೆಯ ರೈತರು ಉತ್ತರೆ, ಹಸ್ತ, ಚಿತ್ತೆಯ ಮಳೆಗೆ ಕಾಯುವುದು ಅದಕ್ಕೇ. ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಹಿಂಗಾರಿಗೆ ಘಟ್ಟದ ತಡೆ ಇಲ್ಲ.

ಮೊಬೈಲಿನಲ್ಲಿ ಹವಾಮಾನ ನೋಡುವವರಿಗೆ ಒಂದು ಮಾತು. ಅಂಕಿ ಗಾಳಿ ಹೊರಟ ದಿಕ್ಕಿನದು, 225 ಅಂದರೆ ನೈಋತ್ಯ. ಎಷ್ಟೋ ಆ್ಯಪ್‌ಗಳಲ್ಲಿ ಪಕ್ಕದ ಬಾಣ ಮಾತ್ರ ಗಾಳಿ ಹೋಗುವ ಕಡೆಗೆ ಇರುತ್ತದೆ. ಚಂಡಮಾರುತ "ವಾಯವ್ಯಕ್ಕೆ" ಎಂದರೂ ಹೋಗುವ ಕಡೆಯೇ. ಜುಲೈಯಲ್ಲಿ ಶಿವನಿಗೆ 225ರ ಬದಲು 260, 270 ಕಂಡರೆ ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ. ಕರಾವಳಿ ಮುಟ್ಟುವ ಹೊತ್ತಿಗೆ ಆ ಗಾಳಿ ಇನ್ನಷ್ಟು ಬಾಗಿ, ಹೆಚ್ಚುಕಡಿಮೆ ಪಡುವಣ ಗಾಳಿಯೇ ಆಗಿರುತ್ತದೆ.