ಸೌದೆಯೊಲೆ ಮತ್ತು ಅಗ್ಗಿಷ್ಟಿಕೆ: ಮನೆಯಲ್ಲಿ ವಹಿಸತಕ್ಕ ಎಚ್ಚರಿಕೆ

ಸೌದೆ, ಬೆರಣಿ, ತೆಂಗಿನ ಮಟ್ಟೆ, ಹತ್ತಿಯ ಕಡ್ಡಿ ಮುಂತಾದುವನ್ನು ಮನೆಯಲ್ಲಿ ಉರಿಸುವುದು ಗ್ರಾಮಾಂತರಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. 2016ನೆಯ ಇಸವಿಯಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಅನಿಲದ ಒಲೆಯು ಅನೇಕ ಮನೆಗಳನ್ನು ಸೇರಿದ್ದರೂ, ಬಚ್ಚಲಿನ ಹಂಡೆಯೊಲೆಯೂ ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಯೂ ಇನ್ನೂ ಮರೆಯಾಗಿಲ್ಲ. ಹೊಗೆಯು ಕಣ್ಣಿಗೂ ಎದೆಗೂ ಕೆಡುಕೆಂಬುದನ್ನು ಯಾರಿಗೂ ಹೇಳಬೇಕಾದುದಿಲ್ಲ. ಆದರೆ ಹೊಗೆ ನಿಂತೊಡನೆ ಅಪಾಯವೂ ನಿಂತಿತೆಂದು ಬಹುಮಂದಿ ಭಾವಿಸುವರು. ಇದು ದೊಡ್ಡ ತಪ್ಪು, ಇದರಿಂದ ಪ್ರಾಣಹಾನಿಯಾಗುವುದುಂಟು.

ಸೌದೆಯಾಗಲಿ ಇದ್ದಿಲಾಗಲಿ ಪೂರ್ಣವಾಗಿ ಉರಿಯಬೇಕಾದರೆ ಅದಕ್ಕೆ ಸಾಕಷ್ಟು ಗಾಳಿ ಬೇಕು. ಗಾಳಿ ಸಾಲದೆ ಹೋದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುವುದು. ಜ್ವಾಲೆಯೂ ಹೊಗೆಯೂ ಇಲ್ಲದೆ ಕೆಂಪಗೆ ಕಾಣುವ ಕೆಂಡದಿಂದಲೇ ಇದು ಹೇರಳವಾಗಿ ಹೊರಡುವುದು. ಮೇಲೆ ಬೂದಿ ಮುಚ್ಚಿದ್ದರೂ ನಿಲ್ಲುವುದಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಘಾಟೂ ಇಲ್ಲ. ಉಸಿರಿನೊಡನೆ ಒಳಹೊಕ್ಕು, ರಕ್ತದಲ್ಲಿನ ಕೆಂಪು ವಸ್ತುವನ್ನು ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಂಡುಬಿಡುವುದು. ಆಗ ಗಾಳಿಯಲ್ಲಿ ಆಮ್ಲಜನಕವಿದ್ದರೂ ಶರೀರಕ್ಕೆ ಅದು ದಕ್ಕುವುದಿಲ್ಲ.

ಮೊದಲು ತಲೆನೋವು, ಬಳಿಕ ತಲೆಸುತ್ತು, ಓಕರಿಕೆ, ಕೈಕಾಲುಗಳಲ್ಲಿ ನಿತ್ರಾಣ. ಎಚ್ಚರವಾಗಿರುವವನು ಎದ್ದು ಹೊರಗೆ ಬಂದಾನು; ನಿದ್ರೆಯಲ್ಲಿರುವವನಿಗೆ ಈ ಸೂಚನೆಗಳು ತಿಳಿಯುವುದೇ ಇಲ್ಲ. ಬಾಣಂತಿಗೆ ಶೀತ ತಗುಲಬಾರದೆಂದು ಕಿಟಕಿ ಬಾಗಿಲುಗಳನ್ನು ಮುಚ್ಚಿ, ಸಂದುಗಳಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡವಿಡುವ ವಾಡಿಕೆಯು ಈ ಕಾರಣದಿಂದ ಅತ್ಯಂತ ಅಪಾಯಕರವಾದುದು. ಎಳೆಯ ಕೂಸಿಗಂತೂ ಈ ಅನಿಲವು ದೊಡ್ಡವರಿಗಿಂತಲೂ ಬೇಗ ತಗಲುವುದು. ಮಲೆನಾಡಿನ ಮಳೆಗಾಲದಲ್ಲಿಯೂ, ಮಾಗಿಯ ಚಳಿಯಲ್ಲಿಯೂ ಕೂಲಿಯಾಳುಗಳು ಮುಚ್ಚಿದ ಬಿಡಾರದಲ್ಲಿ ಕೆಂಡವಿಟ್ಟು ಮಲಗುವುದು ಇದೇ ಬಗೆಯ ಸಾಹಸ. ತೋಟದ ಯಜಮಾನರು ಇದನ್ನು ತಮ್ಮ ಹೊಣೆಯೆಂದೇ ತಿಳಿಯತಕ್ಕದ್ದು.

ಕೋಣೆಯನ್ನು ಬೆಚ್ಚಗೆ ಮಾಡಲೇಬೇಕಾದರೆ, ಬಾಗಿಲನ್ನೂ ಒಂದು ಕಿಟಕಿಯನ್ನೂ ತೆರೆದಿಟ್ಟು ಕೆಲಹೊತ್ತು ಅಗ್ಗಿಷ್ಟಿಕೆಯನ್ನು ಇರಿಸಿ, ಮಲಗುವುದಕ್ಕೆ ಮುಂಚಿತವಾಗಿ ಅದನ್ನು ಮನೆಯ ಹೊರಕ್ಕೆ ಒಯ್ಯತಕ್ಕದ್ದು, ಪಕ್ಕದ ಕೋಣೆಗಲ್ಲ. ಕಂಬಳಿಯಿಂದಲೂ, ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಚೀಲದಿಂದಲೂ ಬೇಕಾದ ಕಾವು ದೊರೆಯುವುದು. ಚೀಲವನ್ನು ಮಾತ್ರ ಕೂಸಿನ ಮೈಗೆ ತಾಗಿಸಬಾರದು. ಈ ಸಂಗತಿಯನ್ನು ಮನೆಯ ಹಿರಿಯ ಹೆಂಗಸರಿಗೆ ಮನದಟ್ಟು ಮಾಡುವುದು ಮುಖ್ಯ. ಏಕೆಂದರೆ ಬಾಣಂತಿಯ ಕೋಣೆಯಲ್ಲಿ ಯಜಮಾನನ ಅಪ್ಪಣೆಯು ಅಷ್ಟಾಗಿ ನಡೆಯುವುದಿಲ್ಲ. ಯಾರಾದರೂ ಮೈಮರೆತು ಬಿದ್ದಿದ್ದರೆ ಬಾಗಿಲುಗಳನ್ನು ತೆರೆದು, ಒಡನೆಯೇ ಅವರನ್ನು ಬಯಲಿಗೆ ಎತ್ತಿ ತಂದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸದೆ ಬಿಡಬಾರದು.

ಇನ್ನು ಅಡಿಗೆಮನೆಯ ವಿಷಯ. ಹಸಿಯ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದು. ಆ ನೀರು ಆರುವವರೆಗೆ ಒಲೆಯು ಹೊಗೆಯುವುದಲ್ಲದೆ ಉರಿಯುವುದಿಲ್ಲ. ಸೌದೆಯನ್ನು ಸೀಳಿ, ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ ಒಟ್ಟಿ, ಮೇಲ್ಭಾಗವನ್ನು ಮಾತ್ರ ಮುಚ್ಚಿ, ಒಂದು ಬೇಸಗೆ ಕಳೆಯಲು ಬಿಟ್ಟು ಉಪಯೋಗಿಸಿದರೆ ಸೌದೆಯೂ ಉಳಿಯುವುದು, ಕಣ್ಣೂ ಉಳಿಯುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ವಿಭಾಗದವರು ರೂಪಿಸಿದ, ಮೂರು ಪಾತ್ರೆಗಳನ್ನಿಡುವ ಅಸ್ತ್ರ ಒಲೆಯು ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಕಳುಹಿಸುವುದು. ಆದರೆ ಮೂರು ಬಾಯಿಗಳಲ್ಲೂ ಪಾತ್ರೆ ಸರಿಯಾಗಿ ಕೂತಿರಬೇಕು. ಒಂದು ತೆರೆದಿದ್ದರೂ ಹೊಗೆಯು ಒಳಕ್ಕೇ ಬರುವುದು. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ್ಗೆ ತೆಗೆಯದಿದ್ದರೆ ಅದಕ್ಕೇ ಬೆಂಕಿ ಹತ್ತುವುದುಂಟು. ಹುಲ್ಲಿನ ಸೂರು ಕೊಳವೆಗೆ ತಗುಲಿರಬಾರದು. ಸೀಮೆಹಸುವಿನ ಕೊಟ್ಟಿಗೆಗೆ ಗಾಳಿ ಬೆಳಕು ಬೇಕೆಂದು ನಾಲ್ಕು ಕಿಟಕಿ ಇಡಿಸಿದ ಗೃಹಸ್ಥನ ಅಡಿಗೆಮನೆಗೆ ಒಂದು ಗವಾಕ್ಷಿಯೂ ಇಲ್ಲದಿರುವುದು ಹಲವೆಡೆ ಕಂಡುಬರುವ ನೋಟ.

ಆರುತ್ತಿರುವ ಒಲೆಗೆ ಸೀಮೆಎಣ್ಣೆ ಸುರಿಯಲೇಬಾರದು. ಮೈ ಸುಟ್ಟರೆ 20 ನಿಮಿಷ ತಣ್ಣೀರನ್ನು ಹರಿಯಬಿಡಬೇಕು. ಮಸಿ, ಎಣ್ಣೆ, ಹಿಟ್ಟು ಯಾವುದನ್ನೂ ಬಳಿಯಬಾರದು.

ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದು ಬೆಳೆಗೆ ಒಳ್ಳೆಯ ಗೊಬ್ಬರ. ಹಾಗೆಂದು ಅದನ್ನು ಬೆಳಗಾಗುತ್ತಲೇ ತಿಪ್ಪೆಗೆ ಎಸೆಯಬಾರದು. ಬೂದಿಯೊಳಗಿನ ಕಿಡಿಯು ಒಂದು ದಿನಕ್ಕೂ ಮಿಕ್ಕಿ ಜೀವ ಹಿಡಿದಿರಬಲ್ಲುದು. ಗಾಳಿ ಬೀಸಿದರೆ ತಿಪ್ಪೆಯ ಕಸಕ್ಕೂ, ಅಲ್ಲಿಂದ ಬಣವೆಗೂ ಹತ್ತುವುದು. ಮುಚ್ಚಳವುಳ್ಳ ತಗಡಿನ ಡಬ್ಬದಲ್ಲಿ, ಬಣವೆಗೂ ಗೋಡೆಗೂ ದೂರವಾಗಿ, ಬರಿಯ ನೆಲದ ಮೇಲೆ ಕೆಲವು ದಿನ ಇಟ್ಟು, ತಳದವರೆಗೆ ಕೆದಕಿ ಪೂರ್ಣವಾಗಿ ಆರಿದುದನ್ನು ಕಂಡುಕೊಂಡ ಮೇಲೆ ಮಳೆಯ ನೀರು ತಾಗದ ಕಡೆ ಕೂಡಿಡತಕ್ಕದ್ದು. ಮಳೆಗೆ ಸಿಕ್ಕಿದ ಬೂದಿಯಿಂದ ಪೊಟ್ಯಾಷು ಕೊಚ್ಚಿಹೋಗುವುದು.